ಪೋಲೀಸಿನವರಿಗೆ ಎಂ.ಎ. ಏತಕ್ಕೆ?

ವಿಶ್ವವಿದ್ಯಾನಿಲಯಗಳ ಪ್ರಕಟನೆಗಳು ಹೊರಬೀಳುವ ಕಾಲ ಬಂತೆಂದರೆ ಈ ಪುಟಕ್ಕೆ ಕಾಗದಗಳ ಸುರಿಮಳೆಯಾಗುವುದು ವಾಡಿಕೆ. ಯಾವ ಪಾಠಕ್ಕೆ ಸೇರಿಸಿದರೆ ಮಗನಿಗೆ ಕೆಲಸ ದೊರೆತೀತು, ಯಾವುದಕ್ಕೆ ಸೇರಿಸಿದರೆ ಮಗಳಿಗೆ ಮರ್ಯಾದೆ ಬಂದೀತು ಎಂಬ ಪ್ರಶ್ನೆಗಳೇ ಅವುಗಳಲ್ಲಿ ಬಹುಮಟ್ಟಿಗೆ ಇರುವುವು. ಈ ಸಲ ಮೂರು ನಾಲ್ಕು ಕಾಗದಗಳು ಒಂದೇ ವಿಷಯವನ್ನೆತ್ತಿವೆ. ಅಪರಾಧ ನ್ಯಾಯ, ಪೋಲೀಸು ಆಡಳಿತ, ಪೋಲೀಸು ನಾಯಕತ್ವ ಎಂಬ ಹೆಸರುಗಳಲ್ಲಿ ಸ್ನಾತಕೋತ್ತರ ಪದವಿಗಳು ಹೊರಟಿವೆಯಲ್ಲ, ಅವುಗಳ ಸ್ವರೂಪವೇನು, ಫಲವೇನು ಎಂದು ವಾಚಕರು ತಿಳಿಯಬಯಸಿದ್ದಾರೆ. ಒಬ್ಬ ಮಹಾಶಯರಂತೂ ತುಸು ಹಾಸ್ಯವಾಗಿಯೇ, "ಕೈಯಲ್ಲಿ ಲಾಠಿ ಇರುವವನಿಗೆ ಎಂ.ಎ. ಏತಕ್ಕೆ ಸ್ವಾಮೀ?" ಎಂದು ಕೇಳಿದ್ದಾರೆ. ಬೆತ್ತವನ್ನು ಮೇಜಿನಮೇಲೆ ಇಟ್ಟುಕೊಂಡೇ ಪಾಠ ಹೇಳುತ್ತಿದ್ದ ವೃತ್ತಿಯಿಂದ ಬಂದವರು ನಾವಾದುದರಿಂದ, ಈ ಪ್ರಶ್ನೆಗೆ ಉತ್ತರ ಹೇಳಲು ನಮಗೆ ಸ್ವಲ್ಪ ಅಧಿಕಾರವುಂಟೆಂದು ಭಾವಿಸುತ್ತೇವೆ.

ಯಾರ ಮನೆಯವರೇ ಆಗಲಿ, ಠಾಣೆಯ ಮೆಟ್ಟಿಲನ್ನು ಹತ್ತುವುದು ಸುಖದ ಕಾಲದಲ್ಲಲ್ಲ. ಕೊರಳ ಸರ ಹೋದಾಗ, ಹೊರಗೆ ಹೋದ ಹುಡುಗಿ ರಾತ್ರಿಯಾದರೂ ಮನೆಗೆ ಬಾರದಿದ್ದಾಗ, ಅಣ್ಣತಮ್ಮಂದಿರು ಬೇಲಿಯ ಬಳಿ ಹಾರೆ ಹಿಡಿದು ನಿಂತಾಗ, ಕುಡಿದ ಗಂಡನ ಕೈಯಿಂದ ತಪ್ಪಿಸಿಕೊಂಡು ಬಂದ ಹೆಂಗಸಿಗೆ ಬೇರೆ ಬಾಗಿಲು ಕಾಣದಿದ್ದಾಗ ಹತ್ತತಕ್ಕ ಮೆಟ್ಟಿಲು ಅದು. ಅಲ್ಲಿ ಮೇಜಿನ ಹಿಂದೆ ಕುಳಿತವನು ಆಡುವ ಮೊದಲ ಮಾತಿನಮೇಲೆ ಎಷ್ಟೋ ಸಂಸಾರಗಳ ಮುಂದಿನ ಗತಿ ನಿಂತಿರುತ್ತದೆ. ಆ ಮಾತನ್ನು ಅವನಿಗೆ ಕಲಿಸಿದವರು ಯಾರು, ಅವನ ಮೇಲಧಿಕಾರಿಗೆ ಕಲಿಸಿದವರು ಯಾರು ಎಂಬುದು ಆದಕಾರಣ ಗೃಹಸ್ಥರೂ ಗೃಹಿಣಿಯರೂ ಕೇಳಬೇಕಾದ ಪ್ರಶ್ನೆಯೇ ಆಗಿದೆ.

ಕಾಳಿದಾಸನ ಶಾಕುಂತಲವನ್ನು ಓದಿದವರಿಗೆ ಆರನೆಯ ಅಂಕದ ಆರಂಭ ನೆನಪಿರಬಹುದು. ರಾಜಮುದ್ರೆಯ ಉಂಗುರವನ್ನು ಮಾರಲು ಬಂದ ಬೆಸ್ತನೊಬ್ಬನನ್ನು ಇಬ್ಬರು ಕಾವಲುಗಾರರು ಹೆಡಗೈ ಕಟ್ಟಿ ಎಳೆತರುತ್ತಾರೆ. ಹೊಡೆತ ಮೊದಲು, ಪ್ರಶ್ನೆ ಆಮೇಲೆ. ಅವನು ಬಾಯಿ ತೆರೆದರೆ ಹಂಗಿಸುತ್ತಾರೆ. ಜೊತೆಯಲ್ಲಿದ್ದ ನಗರಾಧಿಕಾರಿ, ಅರಸನ ಬಾವಮೈದುನನಾದವನು, ನಡುವೆ ಬಾಯಿ ಹಾಕದೆ ಅವನು ನಡೆದದ್ದನ್ನೆಲ್ಲ ಕ್ರಮವಾಗಿ ಹೇಳಲು ಬಿಡಿರೆಂದು ಅವರನ್ನು ತಡೆಯುತ್ತಾನೆ. ಆ ಒಂದು ಆಜ್ಞೆಯಿಂದ ಮೀನಿನ ಹೊಟ್ಟೆಯ ಕಥೆ ಹೊರಬಿದ್ದು ಬಡವನ ತಲೆ ಉಳಿಯುತ್ತದೆ. ಆಮೇಲೆ ಅರಸನಿಂದ ಬೆಸ್ತನಿಗೆ ಬಂದ ಬಹುಮಾನದಲ್ಲಿ ಅರ್ಧ ಕಾವಲುಗಾರರ ಪಾಲಾಗುತ್ತದೆ. ಎಲ್ಲರೂ ಸ್ನೇಹಿತರಾಗಿ ಹೆಂಡದಂಗಡಿಗೆ ನಡೆಯುತ್ತಾರೆ. ಅದಕ್ಕೂ ಮುಂದಾಳು ಆ ಅಧಿಕಾರಿಯೇ! ಪೋಲೀಸು ನಾಯಕತ್ವವೆಂಬ ವಿಷಯದ ಗುಣದೋಷಗಳೆರಡನ್ನೂ ಮಹಾಕವಿಯು ನಾಲ್ಕು ಮಾತುಗಳಲ್ಲಿ ತೋರಿಸಿಬಿಟ್ಟಿದ್ದಾನೆ. ಕೆಳಗಿನವರ ಕೈ ಏಳುವುದೂ ತಗ್ಗುವುದೂ ಮೇಲಿನವನ ಒಂದು ಮಾತಿನಿಂದ; ಕೆಳಗಿನವರು ಕೈಯೊಡ್ಡುವುದೂ ಮೇಲಿನವನ ಮೌನದಿಂದ.

ಕವಿಯನ್ನು ಬಿಟ್ಟು ಶಾಸ್ತ್ರಕಾರನ ಕಡೆಗೆ ಬರೋಣ. 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಗರಿಯ ಗ್ರಂಥವೊಂದನ್ನು ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು; ಸಮಾಜದ ಮುಳ್ಳುಗಳನ್ನು ಕೀಳುವ ವಿದ್ಯೆ ಎಂದರ್ಥ. ಹಠಾತ್ತಾಗಿ ಸತ್ತವನ ದೇಹಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕು, ಕತ್ತು ಹಿಸುಕಿ ಸತ್ತವನ ಗುರುತುಗಳಿವು, ನೀರಿನಲ್ಲಿ ಸತ್ತವನವಿವು, ವಿಷದಿಂದ ಸತ್ತವನವಿವು ಎಂದು ಅಲ್ಲಿ ವಿವರಿಸಿದೆ. ಇನ್ನೂ ಆಶ್ಚರ್ಯಕರವಾದುದು ವಿಚಾರಣೆಯ ಪ್ರಕರಣ. ಅನುಮಾನಮಾತ್ರಕ್ಕೆ ಗುರಿಯಾದವನನ್ನು ಮೂರು ರಾತ್ರಿಗಳು ಕಳೆದಮೇಲೆ ಹಿಡಿಯಕೂಡದು, ಕಳ್ಳತನದ ಸಲಕರಣೆ ಅವನಲ್ಲಿ ಕಂಡಿದ್ದರೆ ಮಾತು ಬೇರೆ, ಎಂಬ ಕಟ್ಟು ಅಲ್ಲಿದೆ. ಕಳ್ಳನಲ್ಲದವನೂ ಹಿಂಸೆಗೆ ಹೆದರಿ 'ನಾನೇ ಕಳ್ಳ'ನೆಂದು ಒಪ್ಪಿಕೊಂಡುಬಿಡಬಹುದೆಂಬುದಕ್ಕೆ ಆಣಿಮಾಂಡವ್ಯನ ನಿದರ್ಶನವನ್ನೂ ಅವನು ಕೊಡುತ್ತಾನೆ. ಏಟಿನಿಂದ ಹೊರಟ ಮಾತು ಸತ್ಯವಾಗಲಾರದೆಂಬ ಶಂಕೆ ಅಷ್ಟು ಹಿಂದೆಯೇ ಇದ್ದಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಎಲ್ಲವೂ ನಮ್ಮಲ್ಲೇ ಇತ್ತೆಂದು ಮೀಸೆ ತಿರುವುವವರ ಗುಂಪಿಗೆ ನಾವು ಸೇರಿದವರಲ್ಲ. ಅದೇ ಪ್ರಕರಣದಲ್ಲಿ ಅದೇ ಕೌಟಿಲ್ಯನು ಚಿತ್ರಹಿಂಸೆಯ ಬಗೆಗಳನ್ನು ಅಡಿಗೆಯ ಪಟ್ಟಿಯಂತೆ ಎಣಿಸಿಕೊಟ್ಟಿದ್ದಾನೆ. ಶಂಕೆಯೂ ಇದ್ದಿತು, ಹಿಂಸೆಯೂ ಇದ್ದಿತು. ಯಾವುದು ಯಾವಾಗ ಫಲಕಾರಿ ಎಂದು ಪರೀಕ್ಷಿಸಿ ನೋಡುವ ಏರ್ಪಾಡು ಮಾತ್ರ ಇರಲಿಲ್ಲ. ಇಂದಿನ ಸ್ನಾತಕೋತ್ತರ ವಿದ್ಯೆಯ ಹೊಸತನವೆಲ್ಲ ಈ ಪರೀಕ್ಷೆಯಲ್ಲಿದೆ.

ನಮ್ಮ ದೇಶದ ಪೋಲೀಸು ವ್ಯವಸ್ಥೆಗೆ ತಳಹದಿಯಾದುದು 1861ರ ಕಾನೂನು. 1857ರ ದಂಗೆಯ ಬಿಸಿ ಆರುವ ಮೊದಲೇ ಹುಟ್ಟಿದ ಆ ಕಾನೂನಿಗೆ ಪ್ರಜೆಗಳ ಸೇವೆಗಿಂತ ಸರ್ಕಾರದ ಭದ್ರತೆಯೇ ಮುಖ್ಯವಾಗಿದ್ದುದು ಸಹಜ. ಸರ್ ಆಂಡ್ರೂ ಫ್ರೇಸರರ ಅಧ್ಯಕ್ಷತೆಯಲ್ಲಿ 1902-03ರಲ್ಲಿ ವಿಚಾರಿಸಿದ ಆಯೋಗವು ಪೋಲೀಸಿನವರ ಶಿಕ್ಷಣವೂ ನಡತೆಯೂ ತೀರ ಶೋಚನೀಯವೆಂದು ಬಿಚ್ಚಿ ಹೇಳಿತು. ಸ್ವಾತಂತ್ರ್ಯ ಬಂದಮೇಲೆ 1948ರಲ್ಲಿ ಅಬೂ ಪರ್ವತದಮೇಲೆ ಹಿರಿಯ ಅಧಿಕಾರಿಗಳಿಗಾಗಿ ಕೇಂದ್ರ ಶಿಕ್ಷಣಾಲಯವೊಂದು ಏರ್ಪಟ್ಟಿತು. ಸರ್ದಾರ್ ಪಟೇಲರ ಹೆಸರನ್ನು ಹೊತ್ತು 1975ರಲ್ಲಿ ಅದು ಹೈದರಾಬಾದಿಗೆ ಬಂತು. ಸಮಾಜಶಾಸ್ತ್ರಜ್ಞರಾದ ಎಂ. ಎಸ್. ಗೋರೆಯವರ ಸಮಿತಿಯು 1973ರಲ್ಲಿ ಕೊಟ್ಟ ವರದಿಯಲ್ಲಿ, ಕವಾಯತಿನ ಜೊತೆಗೆ ಮನುಷ್ಯಸ್ವಭಾವದ ಪಾಠವೂ ಬೇಕೆಂದು ಒತ್ತಿ ಹೇಳಿತ್ತು. ಇಷ್ಟು ಪೂರ್ವೋತ್ತರ ಸಾಕು.

ಪೋಲೀಸಿನವನನ್ನು ವಿಶ್ವವಿದ್ಯಾನಿಲಯದ ಬಾಗಿಲಿಗೆ ಮೊದಲು ಕರೆದುತಂದ ಪುಣ್ಯ ಅಮೆರಿಕಾ ದೇಶದ ಆಗಸ್ಟ್ ವೋಲ್ಮರನಿಗೆ ಸಲ್ಲತಕ್ಕದ್ದು. ಕ್ಯಾಲಿಫೋರ್ನಿಯದ ಬರ್ಕ್ಲಿ ಎಂಬ ಊರಿಗೆ ಆತ 1905ರಲ್ಲಿ ರಕ್ಷಣಾಧಿಕಾರಿಯಾಗಿ ಚುನಾಯಿತನಾದನು. ಸ್ವಾರಸ್ಯವೇನೆಂದರೆ ಆತನಿಗೆ ಸ್ವಂತ ಶಾಲಾಶಿಕ್ಷಣ ತೀರ ಅಲ್ಪ. ತನ್ನ ಸಿಪಾಯಿಗಳನ್ನು ಬೈಸಿಕಲ್ಲಿನಮೇಲೆ ಗಸ್ತು ಕಳುಹಿಸಿದನು. 1908ರಲ್ಲಿ ಅವರಿಗಾಗಿ ಪಾಠಶಾಲೆ ತೆರೆದನು. ಆರೋಪಿಗಳನ್ನು ಬಡಿದು ಬಾಯಿ ಬಿಡಿಸುವ ಪದ್ಧತಿಯನ್ನು ತನ್ನ ಠಾಣೆಯಿಂದ ಓಡಿಸಿದನು. 1916ರಲ್ಲಿ ಊರಿನ ವಿಶ್ವವಿದ್ಯಾನಿಲಯದಲ್ಲಿಯೇ ಬೇಸಿಗೆಯ ರಜದಲ್ಲಿ ಅಪರಾಧಶಾಸ್ತ್ರದ ತರಗತಿಗಳು ನಡೆಯುವಂತೆ ಮಾಡಿದನು. ಕಾಲೇಜಿನಲ್ಲಿ ಓದುತ್ತಿದ್ದ ಹುಡುಗರನ್ನು ಅವನು ಪೋಲೀಸಿಗೆ ಸೇರಿಸಿಕೊಂಡಾಗ ಸುತ್ತಲ ಊರಿನವರು ನಕ್ಕರು. ಓದು ತನಗಿಲ್ಲದವನಿಗೇ ಓದಿನ ಬೆಲೆ ಚೆನ್ನಾಗಿ ತಿಳಿಯುವುದನ್ನು ನಮ್ಮ ಹಳ್ಳಿಗಳ ತಂದೆತಾಯಿಗಳಲ್ಲಿ ನಾವು ನಿತ್ಯ ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ ಆಯಿತು.

ಈ ತರಗತಿಗಳಲ್ಲಿ ಕಲಿಸುವುದಾದರೂ ಏನು? ಮನುಷ್ಯನು ಅಪರಾಧಕ್ಕೆ ಇಳಿಯುವುದೇಕೆ ಎಂಬ ವಿಚಾರ, ದಂಡಸಂಹಿತೆ, ಸಾಕ್ಷ್ಯದ ನಿಯಮ, ಸೆರೆಮನೆಯ ಆಡಳಿತ, ನೊಂದವರ ಸ್ಥಿತಿಗತಿ, ಲೆಕ್ಕಾಚಾರದ ವಿಧಾನ, ಜನರನ್ನು ನಡೆಸಿಕೊಂಡು ಹೋಗುವ ಬಗೆ. ಇವುಗಳಲ್ಲಿ ಲೆಕ್ಕಾಚಾರದ ವಿಧಾನವೆಂಬುದು ಕೇಳಲು ಒಣಗಿದಂತಿದ್ದರೂ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ರಸವತ್ತಾದುದು ಅದೇ. ಒಂದೆರಡು ಉದಾಹರಣೆಗಳನ್ನು ಹೇಳಿದರೆ ವಾಚಕರು ಒಪ್ಪಿಯಾರು.

ಗಸ್ತು ಹೆಚ್ಚಿದರೆ ಕಳ್ಳತನ ತಗ್ಗುವುದೆಂದು ನಾವೆಲ್ಲರೂ ನಂಬಿದ್ದೇವೆ. ಅಮೆರಿಕಾದ ಕ್ಯಾನ್ಸಾಸ್ ನಗರದಲ್ಲಿ 1972-73ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಹದಿನೈದು ಗಸ್ತುವಲಯಗಳನ್ನು ಆಯ್ದು, ಐದರಲ್ಲಿ ವಾಡಿಕೆಯ ಗಸ್ತನ್ನೇ ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋಗುವಂತೆ ಮಾಡಿದರು. ಐದರಲ್ಲಿ ಹಿಂದಿನಂತೆಯೇ ನಡೆಸಿದರು. ಉಳಿದ ಐದರಲ್ಲಿ ಗಸ್ತನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು. ವರ್ಷ ತುಂಬಿದಮೇಲೆ ನೋಡಿದರೆ ಅಪರಾಧದಲ್ಲಿಯೂ ಜನರ ಭಯದಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ! ಹಾಗೆಂದು ಪೋಲೀಸಿನವರೇ ಬೇಡವೆಂದು ತಿಳಿಯತಕ್ಕದ್ದಲ್ಲ. ಮಿನಿಯಾಪೊಲಿಸ್ ನಗರದಲ್ಲಿ ಆಮೇಲೆ ಲೆಕ್ಕ ತೆಗೆದವರಿಗೆ, ಪೋಲೀಸಿಗೆ ಬರುವ ಕರೆಗಳಲ್ಲಿ ಅರ್ಧದಷ್ಟು ಊರಿನ ನೂರಕ್ಕೆ ಮೂರರಷ್ಟು ವಿಳಾಸಗಳಿಂದಲೇ ಬರುತ್ತಿವೆಯೆಂದು 1989ರಲ್ಲಿ ತಿಳಿದುಬಂತು. ಊರೆಲ್ಲ ಸುತ್ತುವ ಗಸ್ತಿನವನು ಆ ಮೂರರ ಬಳಿ ನಿಂತಿದ್ದರೆ ಫಲ ಬೇರೆಯಾದೀತೆಂಬ ವಿಚಾರ ಅಲ್ಲಿಂದ ಬೆಳೆಯಿತು.

ಎರಡನೆಯದು ನಮ್ಮ ಸೋದರಿಯರು ವಿಶೇಷವಾಗಿ ಗಮನಿಸಬೇಕಾದುದು. ಗಂಡ ಹೆಂಡತಿಯನ್ನು ಹೊಡೆದನೆಂದು ದೂರು ಬಂದಾಗ ಪೋಲೀಸಿನವನು ಏನು ಮಾಡತಕ್ಕದ್ದು? ಬುದ್ಧಿ ಹೇಳಿ ಬರುವುದೆ, ಅವನನ್ನು ಕೆಲವು ಗಂಟೆಗಳ ಕಾಲ ಮನೆಯಿಂದ ಹೊರಗೆ ಕಳುಹಿಸುವುದೆ, ಹಿಡಿದು ಒಳಗೆ ಹಾಕುವುದೆ? ಅದೇ ಮಿನಿಯಾಪೊಲಿಸಿನಲ್ಲಿ 1981-82ರಲ್ಲಿ 314 ಪ್ರಕರಣಗಳಲ್ಲಿ ಈ ಮೂರನ್ನೂ ಚೀಟಿ ಎತ್ತಿದಂತೆ ಹಂಚಿ ಪರೀಕ್ಷಿಸಿದರು. ಹಿಡಿದು ಒಯ್ದವರಲ್ಲಿ ಆರು ತಿಂಗಳೊಳಗೆ ಮತ್ತೆ ಕೈಮಾಡಿದವರು ನೂರಕ್ಕೆ ಹತ್ತರಷ್ಟು, ಬುದ್ಧಿ ಹೇಳಿಸಿಕೊಂಡವರಲ್ಲಿ ಹತ್ತೊಂಬತ್ತರಷ್ಟು, ಹೊರಗೆ ಕಳುಹಿಸಲ್ಪಟ್ಟವರಲ್ಲಿ ಇಪ್ಪತ್ತನಾಲ್ಕರಷ್ಟು ಎಂದು ಪೋಲೀಸು ದಾಖಲೆಗಳಿಂದ ಕಂಡುಬಂತು. 1984ರಲ್ಲಿ ಇದು ಪ್ರಕಟವಾದದ್ದೇ ತಡ, ಎಷ್ಟೋ ಸಂಸ್ಥಾನಗಳು ಹಿಡಿಯಲೇಬೇಕೆಂದು ಕಟ್ಟಲೆ ಮಾಡಿದುವು. ಕಥೆ ಇಲ್ಲಿಗೇ ಮುಗಿದಿದ್ದರೆ ಸೊಗಸಾಗಿತ್ತು. ಆದರೆ ಬೇರೆ ಐದು ಊರುಗಳಲ್ಲಿ ಅದೇ ಪರೀಕ್ಷೆಯನ್ನು ಮಾಡಿದಾಗ ಫಲ ಒಂದೇ ಆಗಿ ಬರಲಿಲ್ಲ. ಮಿಲ್ವಾಕಿ ನಗರದಲ್ಲಿ ಉದ್ಯೋಗಸ್ಥನಾದ ಗಂಡ ಹಿಡಿದು ಒಯ್ದದ್ದರಿಂದ ನಾಚಿ ತಗ್ಗಿದನು. ಕೆಲಸವಿಲ್ಲದವನು ಮತ್ತಷ್ಟು ಕೆರಳಿದನು. ಹೆಂಗಸನ್ನು ಕಾಪಾಡಲೆಂದೇ ಮಾಡಿದ ಕಟ್ಟಲೆ ಕೆಲವು ಮನೆಗಳಲ್ಲಿ ಅವಳ ಬೆನ್ನಿಗೇ ಬಾಸುಂಡೆಯಾಯಿತು. ಕರುಣೆಯಿದ್ದರೆ ಸಾಲದು, ಕರುಣೆ ಏನು ಮಾಡಿತೆಂದು ಹಿಂತಿರುಗಿ ನೋಡುವ ತಾಳ್ಮೆಯೂ ಬೇಕು. ನಮ್ಮಲ್ಲಿ ಗಂಡನ ಮತ್ತು ಅವನ ಮನೆಯವರ ಕ್ರೌರ್ಯವನ್ನು 1983ರಲ್ಲಿ ದಂಡನೀಯವಾಗಿ ಮಾಡಲಾಯಿತು; 2024ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85ನೆಯ ಕಲಮು. ಏಳು ವರ್ಷಗಳವರೆಗಿನ ಶಿಕ್ಷೆಯ ಇಂಥ ಪ್ರಕರಣಗಳಲ್ಲಿ ಕಾರಣವನ್ನು ತೂಗಿ ನೋಡದೆ ಯಂತ್ರದಂತೆ ಬಂಧಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಹೇಳಿದೆ. ತೂಗಿ ನೋಡತಕ್ಕವನು ಯಾರು? ರಾತ್ರಿ ಹನ್ನೊಂದು ಗಂಟೆಗೆ ಠಾಣೆಯಲ್ಲಿರುವ ಸಬ್‌ಇನ್‌ಸ್ಪೆಕ್ಟರು. ತಕ್ಕಡಿ ಹಿಡಿಯಲು ಅವನಿಗೆ ಕಲಿಸಿದವರಿದ್ದಾರೆಯೆ?

ಪರದೇಶದ ಮಾತು ಇಷ್ಟಕ್ಕೆ ನಿಲ್ಲಲಿ. ನಮ್ಮ ರಾಜಸ್ಥಾನದಲ್ಲಿ ನಡೆದುದನ್ನು ಹೇಳದಿದ್ದರೆ ಈ ಲೇಖನಕ್ಕೆ ಅರ್ಥವೇ ಇಲ್ಲ. ಅಲ್ಲಿನ ಪೋಲೀಸು ಅಧಿಕಾರಿಗಳಲ್ಲೊಬ್ಬರಾದ ನೀನಾ ಸಿಂಗರು ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ ಪಡೆದವರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರ ಜೊತೆ ಸೇರಿ ಅವರು ತಮ್ಮ ಇಲಾಖೆಯನ್ನೇ ಪರೀಕ್ಷೆಗೆ ಒಡ್ಡಿದರು. ಆ ಇಬ್ಬರಿಗೂ 2019ರಲ್ಲಿ ನೊಬೆಲ್ ಪಾರಿತೋಷಕ ಬಂದುದನ್ನು ವಾಚಕರು ಬಲ್ಲರು. 162 ಠಾಣೆಗಳನ್ನು ಆಯ್ದುಕೊಂಡರು. ಕೆಲವು ಠಾಣೆಗಳಲ್ಲಿ ಸಿಬ್ಬಂದಿಗೆ ತನಿಖೆಯ ವಿಧಾನವನ್ನೂ ಜನರೊಡನೆ ಮಾತನಾಡುವ ಬಗೆಯನ್ನೂ ಕಲಿಸಿದರು. ಕೆಲವೆಡೆ ವರ್ಗಾವಣೆಗಳನ್ನು ತಡೆಹಿಡಿದರು. ಕೆಲವೆಡೆ ವಾರಕ್ಕೊಂದು ದಿನದ ಬಿಡುವನ್ನು ಕೊಡಹೇಳಿದರು. ಇನ್ನು ಕೆಲವೆಡೆ ಊರಿನವರೇ ಬಂದು ಠಾಣೆಯಲ್ಲಿ ಕುಳಿತು ನಡೆಯುವುದನ್ನು ನೋಡುವ ಏರ್ಪಾಡು ಮಾಡಿದರು. ಇದಲ್ಲದೆ, ಸಾಧಾರಣ ಜನರ ವೇಷದಲ್ಲಿ ಕೆಲವರನ್ನು ಕಳುಹಿಸಿ ಕಳವಿನ ಫಿರ್ಯಾದು ಕೊಡಿಸಿ, ಅದನ್ನು ಬರೆದುಕೊಳ್ಳುವರೋ ಗದರಿಸಿ ಕಳುಹಿಸುವರೋ ಎಂದು ಪರೀಕ್ಷಿಸಿದರು. ನಮ್ಮ ಪೂರ್ವದ ಅರಸರು ಮಾರುವೇಷದಲ್ಲಿ ರಾತ್ರಿ ತಿರುಗುತ್ತಿದ್ದ ಕಥೆಗಳನ್ನು ಅಜ್ಜಿಯರಿಂದ ಕೇಳಿದವರಿಗೆ ಇದು ಹೊಸದೆನಿಸಲಾರದು. ಹೊಸದೇನೆಂದರೆ ಅದನ್ನು ಲೆಕ್ಕವಿಟ್ಟು ಮಾಡಿದ್ದು.

ಫಲವೇನಾಯಿತು? ಕಲಿಸಿದ ಠಾಣೆಗಳಲ್ಲಿ ನೊಂದವರ ಸಮಾಧಾನ ಹೆಚ್ಚಿತು. ಮಾರುವೇಷದವರ ಭೇಟಿಯಿಂದ ಠಾಣೆಯವರ ನಡತೆ ತಿದ್ದಿತು. ಬಂದವನು ನಿಜವಾದ ಫಿರ್ಯಾದಿಯೋ ಮೇಲಿನವರು ಕಳುಹಿಸಿದವನೋ ತಿಳಿಯದಿರುವಾಗ ಎಲ್ಲರನ್ನೂ ಮರ್ಯಾದೆಯಿಂದ ಕಾಣುವುದೇ ಕ್ಷೇಮವಷ್ಟೆ! ಆದರೆ ವಾರದ ಬಿಡುವು, ಊರಿನವರ ಹಾಜರಿ, ಈ ಎರಡರಿಂದ ಗಟ್ಟಿಯಾದ ಪ್ರಯೋಜನವೇನೂ ಕಾಣಲಿಲ್ಲ. ಅವು ಕೆಟ್ಟ ಯೋಚನೆಗಳೆಂದಲ್ಲ. ಠಾಣೆಯ ಮುಖ್ಯಸ್ಥರು ಅವುಗಳನ್ನು ಸರಿಯಾಗಿ ನಡೆಸಲೇ ಇಲ್ಲ. ಮೇಲಿನಿಂದ ಬಂದ ಆಜ್ಞೆ ಠಾಣೆಯ ಹೊಸಲಿನಲ್ಲಿ ಹೇಗೆ ಕುಂಟುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಅದೇ ರಾಜ್ಯದಲ್ಲಿ 2010-11ರಲ್ಲಿ ಮತ್ತೊಂದು ಪರೀಕ್ಷೆ ನಡೆಯಿತು. ಕುಡಿದು ವಾಹನ ನಡೆಸುವವರನ್ನು ರಾತ್ರಿಯಲ್ಲಿ ತಡೆದು ಉಸಿರನ್ನು ಯಂತ್ರದಿಂದ ನೋಡುವ ತಪಾಸಣೆಯನ್ನು ಕೆಲವು ಠಾಣೆಗಳ ಸರಹದ್ದಿನಲ್ಲಿ ಒಂದೇ ಜಾಗದಲ್ಲಿ, ಅದೂ ಅತಿಹೆಚ್ಚು ಅಪಘಾತವಾಗುವ ರಸ್ತೆಯಲ್ಲಿ, ಖಾಯಂ ಆಗಿ ಇಟ್ಟರು. ಕೆಲವೆಡೆ ಮೂರು ರಸ್ತೆಗಳ ನಡುವೆ ಬದಲಾಯಿಸುತ್ತ ಹೋದರು. ಬದಲಾಯಿಸಿದ ಕಡೆ ರಾತ್ರಿಯ ಅಪಘಾತಗಳು ನೂರಕ್ಕೆ 17ರಷ್ಟೂ, ಸಾವುಗಳು 25ರಷ್ಟೂ ತಗ್ಗಿದುವು. ಖಾಯಂ ಜಾಗದಿಂದ ಹೇಳುವಂಥ ಫಲವೇ ಇಲ್ಲ. ಕುಡಿದವನಾದರೂ ಪಕ್ಕದ ಓಣಿಯ ದಾರಿಯನ್ನು ಮರೆಯಲಾರನಷ್ಟೆ. ಇನ್ನೊಂದು ಸಂಗತಿ: ಠಾಣೆಯ ಸ್ವಂತ ಸಿಬ್ಬಂದಿಗಿಂತ ಮೀಸಲು ಲೈನಿನಿಂದ ಇದಕ್ಕೆಂದೇ ಕಳುಹಿಸಿದವರು ಕೆಲಸವನ್ನು ಹೆಚ್ಚು ಶ್ರದ್ಧೆಯಿಂದ ಮಾಡಿದರು. ಇಷ್ಟು ಫಲಕ್ಕೆ ಹೊಸ ಕಾನೂನು ಬೇಕಾಗಲಿಲ್ಲ. ಇದ್ದ ಜನರನ್ನು ಎಲ್ಲಿ, ಯಾವಾಗ, ಯಾರನ್ನು ನಿಲ್ಲಿಸಬೇಕೆಂಬ ವಿವೇಕ ಮಾತ್ರ ಬೇಕಾಯಿತು. ಎಷ್ಟೋ ಮನೆಗಳ ಯಜಮಾನರು ಆ ರಾತ್ರಿಗಳಲ್ಲಿ ಜೀವಸಹಿತ ಮನೆ ಸೇರಿದ್ದಾರೆ. ತಾವು ಹೇಗೆ ಉಳಿದೆವೆಂಬುದು ಅವರಿಗೆ ಎಂದಿಗೂ ತಿಳಿಯದು. ನೀನಾ ಸಿಂಗರು 2023ರ ಡಿಸೆಂಬರಿನಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಮಹಾನಿರ್ದೇಶಕರಾದ ಮೊದಲ ಮಹಿಳೆಯಾದರು.

ಇಂಥ ವಿದ್ಯೆ ನಮ್ಮಲ್ಲಿ ದೊರೆಯುವ ಕಡೆಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾನಿಲಯದಲ್ಲಿ 1959ರಿಂದಲೂ, ಮದರಾಸಿನಲ್ಲಿ 1965ರಿಂದಲೂ ಅಪರಾಧಶಾಸ್ತ್ರದ ವಿಭಾಗಗಳಿವೆ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ ಇದರಲ್ಲಿ ಹಳೆಯ ಹೆಸರು. ನಮ್ಮವರಿಗೆ ದೂರ ಹೋಗಬೇಕಾದ ಅವಶ್ಯಕತೆಯೂ ಇಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿಯೇ ಅಪರಾಧಶಾಸ್ತ್ರ ಮತ್ತು ನ್ಯಾಯವಿಜ್ಞಾನದ ವಿಭಾಗವುಂಟು. 2020ರಲ್ಲಿ ಪಾರ್ಲಿಮೆಂಟಿನ ಕಾನೂನುಗಳ ಮೂಲಕ ಗುಜರಾತಿನಲ್ಲಿ ರಾಷ್ಟ್ರೀಯ ನ್ಯಾಯವಿಜ್ಞಾನ ವಿಶ್ವವಿದ್ಯಾನಿಲಯ, ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾನಿಲಯ ಎಂಬ ಎರಡು ಏರ್ಪಟ್ಟುವು. ಮೊದಲನೆಯದರ ಶಾಖೆಗೆ 2023ರ ಜನವರಿಯಲ್ಲಿ ಧಾರವಾಡದಲ್ಲಿ ಶಂಕುಸ್ಥಾಪನೆಯಾಯಿತು. ಹೊಸ ದಂಡಪ್ರಕ್ರಿಯೆಯ ಪ್ರಕಾರ ಏಳು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ನ್ಯಾಯವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಿ ಪರೀಕ್ಷಿಸಬೇಕಾಗಿರುವುದರಿಂದ, ಆ ಕವಲಿನಲ್ಲಿ ಓದಿದವರಿಗೆ ಕೆಲಸದ ಅವಕಾಶ ಹೆಚ್ಚಬಹುದು.

ಆದರೆ ತಂದೆತಾಯಿಗಳು ಒಂದು ಮಾತನ್ನು ಚೆನ್ನಾಗಿ ತಿಳಿದಿರಬೇಕು. ಅಪರಾಧಶಾಸ್ತ್ರದಲ್ಲಿ ಎಂ.ಎ. ಆದ ಮಾತ್ರಕ್ಕೆ ಯಾರೂ ಪೋಲೀಸು ಅಧಿಕಾರಿಯಾಗುವುದಿಲ್ಲ. ಭಾರತೀಯ ಪೋಲೀಸು ಸೇವೆಯ ಪರೀಕ್ಷೆಗೂ, ನಮ್ಮ ರಾಜ್ಯದ ಸಬ್‌ಇನ್‌ಸ್ಪೆಕ್ಟರ ಹುದ್ದೆಗೂ ಯಾವುದಾದರೊಂದು ವಿಷಯದ ಪದವಿಯಿದ್ದರೆ ಸಾಕು. ಮಿಕ್ಕದ್ದು ಪರೀಕ್ಷೆಯ, ದೇಹದಾರ್ಢ್ಯದ ಮಾತು. ಪದವಿ ಕೈಗೆ ಬಂದ ಕೂಡಲೆ ಮಗಳ ಭುಜದಮೇಲೆ ನಕ್ಷತ್ರಗಳು ಮೂಡುವುವೆಂದು ಹೇಳಿ ಶುಲ್ಕ ಕೇಳುವ ಸಂಸ್ಥೆಯವರಿದ್ದರೆ ಅವರ ಬಾಗಿಲಿನಿಂದಲೇ ಹಿಂತಿರುಗತಕ್ಕದ್ದು. ಸೆರೆಮನೆಯ ಸುಧಾರಣೆ, ದಾರಿತಪ್ಪಿದ ಮಕ್ಕಳ ಪಾಲನೆ, ನೊಂದವರ ನೆರವು, ಸಂಶೋಧನೆ, ಇವುಗಳಲ್ಲಿ ಮನಸ್ಸಿದ್ದವರಿಗೆ ಈ ವಿದ್ಯೆ ನೇರವಾಗಿ ಸಲ್ಲುತ್ತದೆ.

ಈಗಾಗಲೇ ಇಲಾಖೆಯಲ್ಲಿರುವವರ ಮಾತು ಬೇರೆ. ಬಂದ ಕಾಗದಗಳಲ್ಲಿ ನಮ್ಮ ಮನಸ್ಸನ್ನು ತಟ್ಟಿದ್ದು ಒಬ್ಬ ತಾಯಿಯವರದು. ಅವರ ಮಗ ಸಬ್‌ಇನ್‌ಸ್ಪೆಕ್ಟರನಾಗಿ ಆರು ವರ್ಷವಾಗಿದೆ. ರಜ ಹಾಕಿ ಮೇಲೆ ಓದಬೇಕೆನ್ನುತ್ತಾನೆ. ಹೆಡ್‌ಕಾನ್‌ಸ್ಟೇಬಲ್ ಆಗಿ ನಿವೃತ್ತರಾದ ಯಜಮಾನರು, ಮೂವತ್ತು ವರ್ಷ ತಾವು ಎಂ.ಎ. ಇಲ್ಲದೆ ಠಾಣೆ ನಡೆಸಲಿಲ್ಲವೆ ಎಂದು ಗೊಣಗುತ್ತಾರೆ. ಸೊಸೆಗೆ ಸಂಬಳದ ಚಿಂತೆ. ಆ ತಾಯಿ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ: ಮಗ ಮನೆಯಲ್ಲಿ ಮಾತನಾಡುವ ದನಿ ಇತ್ತೀಚೆಗೆ ಠಾಣೆಯ ದನಿಯಂತೆಯೇ ಆಗಿದೆ, ಓದಲು ಹೋದರೆ ಅದು ಇಳಿದೀತೆ?

ಅಮ್ಮಾ, ದನಿ ಇಳಿಸುವ ಭರವಸೆಯನ್ನು ಯಾವ ವಿಶ್ವವಿದ್ಯಾನಿಲಯವೂ ಕೊಡಲಾರದು. ಆ ದನಿ ಏರುವುದಕ್ಕೆ ನಿದ್ದೆಗೆಟ್ಟ ರಾತ್ರಿಗಳೂ, ಹಬ್ಬದ ದಿನದ ಬಂದೋಬಸ್ತೂ, ಊಟಕ್ಕೆ ಕುಳಿತಾಗ ಬರುವ ಕರೆಯೂ ಕಾರಣವಾಗಿರುವುವು. ಠಾಣೆಯಿಂದ ಒಂದೆರಡು ವರ್ಷ ದೂರ ನಿಂತು ತನ್ನ ಕೆಲಸವನ್ನೇ ಬೇರೆಯವನ ಕೆಲಸವೆಂಬಂತೆ ನೋಡುವ ಅವಕಾಶ ಅವನಿಗೆ ಒದಗುವುದೆಂಬಷ್ಟು ಮಾತ್ರ ನಾವು ಹೇಳಬಲ್ಲೆವು. ನಿಮ್ಮ ಯಜಮಾನರ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ಅಮೆರಿಕಾದಲ್ಲಿ 1968ರ ಕಾನೂನಿನ ತರುವಾಯ ಸರ್ಕಾರ ಪೋಲೀಸಿನವರ ಓದಿಗೆ ಹಣವನ್ನು ಧಾರಾಳವಾಗಿ ಸುರಿಯಿತು. ಮಳೆಗಾಲದ ಅಣಬೆಗಳಂತೆ ತರಗತಿಗಳು ಎದ್ದುವು. ಹತ್ತು ವರ್ಷದ ಮೇಲೆ, 1978ರಲ್ಲಿ, ಲಾರೆನ್ಸ್ ಶರ್ಮನ್ ಮೊದಲಾದವರು ವಿಚಾರಿಸಿದಾಗ, ಹಲವೆಡೆ ನಿವೃತ್ತ ಪೋಲೀಸಿನವರೇ ತಮ್ಮ ಹಳೆಯ ಕಥೆಗಳನ್ನು ಪಾಠವೆಂದು ಹೇಳುತ್ತಿದ್ದುದು ತಿಳಿಯಿತು. ವೋಲ್ಮರನು ಬಿತ್ತಿದ ಬರ್ಕ್ಲಿಯಲ್ಲಿಯೇ 1950ರಲ್ಲಿ ತೆರೆದ ಅಪರಾಧಶಾಸ್ತ್ರದ ಶಾಲೆ 1976ರಲ್ಲಿ ಮುಚ್ಚಿತು. ಇಂಗ್ಲೆಂಡಿನಲ್ಲಿ ಹೊಸ ಸಿಪಾಯಿಗಳೆಲ್ಲರಿಗೂ ಪದವಿ ಬೇಕೆಂದು ಹೊರಟವರು 2022ರಲ್ಲಿ ಪದವಿಯಿಲ್ಲದವರಿಗೂ ಬಾಗಿಲು ತೆರೆದಿಡಲು ಒಪ್ಪಿದರು. ಆದರೆ ಅದೇ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ, 1959ರಲ್ಲಿ ಸ್ಥಾಪಿತವಾದ ಅಪರಾಧಶಾಸ್ತ್ರದ ಸಂಸ್ಥೆಯು, ಕೆಲಸದಲ್ಲಿರುವ ಹಿರಿಯ ಅಧಿಕಾರಿಗಳಿಗೆ ಇಲಾಖೆಯನ್ನು ಬಿಡದೆಯೇ, ಬಿಡುವಿನ ವಾರಗಳಲ್ಲಿ ಬಂದು ಓದುವ ಸ್ನಾತಕೋತ್ತರ ಪದವಿಯನ್ನು ಏರ್ಪಡಿಸಿದೆ. ಅಲ್ಲಿಗೆ ಬಂದವನು ತನ್ನದೇ ಊರಿನ ಒಂದು ಸಮಸ್ಯೆಯನ್ನು ಎತ್ತಿಕೊಂಡು ಪ್ರಬಂಧ ಬರೆಯುತ್ತಾನೆ.

ನಿಮ್ಮ ಮಗ ಸೇರಬೇಕೆಂದಿರುವ ಕಡೆ ಅಂಥ ಪ್ರಬಂಧ ಕಡ್ಡಾಯವೇ, ಅದನ್ನು ತಿದ್ದುವವರು ಲೆಕ್ಕಶಾಸ್ತ್ರ ಬಲ್ಲವರೇ, ಮೊದಲಿನ ವಿದ್ಯಾರ್ಥಿಗಳ ಪ್ರಬಂಧಗಳನ್ನು ತೋರಿಸುವರೇ ಎಂದು ವಿಚಾರಿಸಲಿ. ಬರಿಯ ಟಿಪ್ಪಣಿ ಬಾಯಿಪಾಠ ಮಾಡಿ ಮೂರು ಗಂಟೆ ಬರೆದು ಬರುವ ಪರೀಕ್ಷೆಯಾದರೆ ರಜವೂ ಸಂಬಳವೂ ದಂಡ. ವರ್ಗಾವಣೆಯ ಭಯವೂ ಲೆಕ್ಕಕ್ಕೆ ಬರಲಿ. ಠಾಣಾಧಿಕಾರಿಗೆ ಎರಡು ವರ್ಷವಾದರೂ ಒಂದೇ ಜಾಗದಲ್ಲಿ ಅವಧಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಆಜ್ಞೆಮಾಡಿದೆ; ಆರು ತಿಂಗಳಿಗೊಂದು ಊರು ತಿರುಗುವವನಿಗೆ ಕಲಿತದ್ದನ್ನು ಎಲ್ಲಿಯೂ ನೆಟ್ಟು ನೋಡಲು ಆಗದು. ಪೋಲೀಸು ದಳದಲ್ಲಿ ಹತ್ತು ಜನರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ನಿಮ್ಮ ಯಜಮಾನರಂಥ ಕಾನ್‌ಸ್ಟೇಬಲ್, ಹೆಡ್‌ಕಾನ್‌ಸ್ಟೇಬಲ್ ದರ್ಜೆಯವರು. ಅವರ ಮೂವತ್ತು ವರ್ಷದ ಅನುಭವವನ್ನು ಯಾವ ಗ್ರಂಥದಲ್ಲಿಯೂ ಬರೆದಿಲ್ಲ. ಅದನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಮಗ ಮನೆಯಲ್ಲಿಯೇ ಆರಂಭಿಸಬಹುದು. ತಂದೆ ಹೇಳುವಾಗ ನಡುವೆ ಬಾಯಿ ಹಾಕಕೂಡದು.

ಅರ್ಜಿ ಹಾಕಲು ಇನ್ನೂ ಸಮಯವಿದೆಯೆಂದು ಬರೆದಿದ್ದೀರಿ. ಅಷ್ಟರೊಳಗೆ ಅವನು ತನ್ನ ಠಾಣೆಯ ಸರಹದ್ದಿನ ನಕ್ಷೆಯೊಂದನ್ನು ದೊಡ್ಡ ಕಾಗದದಮೇಲೆ ಬರೆದುಕೊಳ್ಳಲಿ. ಕಳೆದ ಎರಡು ವರ್ಷಗಳಲ್ಲಿ ದಾಖಲಾದ ಒಂದೇ ಬಗೆಯ ಪ್ರಕರಣಗಳನ್ನು, ಬೈಸಿಕಲ್ ಮೋಟಾರುಗಳ ಕಳವೋ ರಸ್ತೆಯ ಅಪಘಾತವೋ ಯಾವುದಾದರೂ ಸರಿ, ನಡೆದ ಜಾಗದಲ್ಲಿ ಚುಕ್ಕೆಯಿಟ್ಟು, ಪಕ್ಕದಲ್ಲಿ ವಾರವನ್ನೂ ಗಂಟೆಯನ್ನೂ ಬರೆಯಲಿ. ದೂರು ಕೊಡಲು ಬಂದು ಬರೆಸದೆ ಹಿಂತಿರುಗಿದವರು ಆ ನಕ್ಷೆಯಲ್ಲಿ ಇರುವುದಿಲ್ಲ. ಅವರನ್ನು ನೆನಪಿನಿಂದಲೇ ಬೇರೆ ಬಣ್ಣದ ಪೆನ್ಸಿಲಿನಲ್ಲಿ ಗುರುತಿಸತಕ್ಕದ್ದು. ಒಂದು ತಿಂಗಳ ರಾತ್ರಿಗಳ ಕೆಲಸವಿದು, ಶುಲ್ಕವಿಲ್ಲ. ಮುಗಿದಮೇಲೆ ಆ ಕಾಗದವನ್ನು ಊಟದ ಮನೆಯಲ್ಲಿ ಹರಡಿ ಯಜಮಾನರಿಗೆ ತೋರಿಸಿ, ಯಾವ ಚುಕ್ಕೆ ಎಲ್ಲಿ ತಪ್ಪಾಗಿದೆಯೆಂದು ಅವರನ್ನೇ ಕೇಳಲಿ.